ಜಿನೀವಾದ ಪಾಠ, ಮನೆಯ ಮಾತು

ಶಾಲೆಗಳು ಹೆತ್ತವರಿಗಾಗಿ ಅಚ್ಚು ಹಾಕಿಸುವ ಪರಿಚಯ ಪುಸ್ತಿಕೆಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಕತೆ, ಕಾದಂಬರಿ, ಕವಿತೆಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಈ ನುಣುಪು ಕಾಗದದ ಬರಹವನ್ನು ಓದಿ ಪಕ್ಕಕ್ಕಿಡುತ್ತೇವೆ. ಆದರೆ ಒಂದು ಕುಟುಂಬ ಯಾವುದೋ ಬರಹವನ್ನು ನಂಬಿ ತನ್ನ ಮಗುವಿನ ಐದು ವರ್ಷಗಳನ್ನು ಒಪ್ಪಿಸುತ್ತದೆಂದಾದರೆ, ಅದು ಇಂಥ ಪುಸ್ತಿಕೆಯನ್ನೇ. ಆದ್ದರಿಂದ ಅದರಲ್ಲಿ ಏನಿದೆ, ಅದು ಯಾರೊಡನೆ ಮಾತಾಡುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂದು ಕೇಳುವುದು ಅಗತ್ಯ. ಇಲ್ಲಿ ನಾವು ಎತ್ತಿಕೊಂಡಿರುವುದು ಬೆಂಗಳೂರಿನಂಥ ನಗರಗಳಲ್ಲಿ ಹೆಸರು ಮಾಡಿರುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆಯ ಮಿಡ್ಲ್ ಇಯರ್ಸ್ ಪ್ರೋಗ್ರಾಮನ್ನು, ಮತ್ತು ಅದನ್ನು ನಮ್ಮ ಕುಟುಂಬಗಳಿಗೆ ಪರಿಚಯಿಸುತ್ತಿರುವ ರೀತಿಯನ್ನು.

ಐಬಿ ಎಂದು ಕರೆಯಲ್ಪಡುವ ಈ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾಯಿತು. ಉದ್ಯೋಗದ ನಿಮಿತ್ತ ದೇಶದಿಂದ ದೇಶಕ್ಕೆ ವರ್ಗವಾಗುವ ರಾಯಭಾರಿಗಳ, ಅಧಿಕಾರಿಗಳ ಮಕ್ಕಳಿಗೆ ಯಾವ ದೇಶದ ವಿಶ್ವವಿದ್ಯಾಲಯವೂ ಒಪ್ಪುವಂಥ ಒಂದು ಪರೀಕ್ಷೆ ಬೇಕಿತ್ತು. ಹಾಗಾಗಿ ಮೊದಲು ಬಂದದ್ದು ನಮ್ಮ ಪಿಯುಸಿಯ ಹಂತದ ಡಿಪ್ಲೊಮಾ. ಅದಕ್ಕಿಂತ ಕೆಳಗಿನ ತರಗತಿಗಳಿಗೆ ಒಂದು ಪಾಠಕ್ರಮ ಬೇಕೆಂಬ ಯೋಚನೆ 1980ರ ದಶಕದಲ್ಲಿ ಅಂತರರಾಷ್ಟ್ರೀಯ ಶಾಲೆಗಳ ಸಂಘದಲ್ಲಿ ಬೆಳೆಯಿತು. ಅದನ್ನು ಮೊದಲಿಗೇ ಕೈಗೆತ್ತಿಕೊಂಡವುಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಶಾಲೆಗಳೂ ಇದ್ದವು. 1994ರಲ್ಲಿ ಐಬಿ ಅದನ್ನು ತನ್ನದೇ ಕಾರ್ಯಕ್ರಮವೆಂದು ಜಾರಿಗೆ ತಂದಿತು. ಅದು 11ರಿಂದ 16 ವರ್ಷದ ಮಕ್ಕಳಿಗೆ. ನಮ್ಮ ಲೆಕ್ಕದಲ್ಲಿ ಆರನೇ ತರಗತಿಯಿಂದ ಎಸ್ಸೆಸ್ಸೆಲ್ಸಿಯವರೆಗೆ.

ಇಲ್ಲಿ ಎಂಟು ವಿಷಯ ಗುಂಪುಗಳಿವೆ: ಭಾಷೆ ಮತ್ತು ಸಾಹಿತ್ಯ, ಹೊಸದಾಗಿ ಕಲಿಯುವ ಇನ್ನೊಂದು ಭಾಷೆ, ಸಮಾಜ, ವಿಜ್ಞಾನ, ಗಣಿತ, ಕಲೆ, ದೈಹಿಕ ಮತ್ತು ಆರೋಗ್ಯ ಶಿಕ್ಷಣ, ವಿನ್ಯಾಸ. ಪ್ರತಿಯೊಂದಕ್ಕೂ ವರ್ಷಕ್ಕೆ ಕನಿಷ್ಠ 50 ಗಂಟೆ ಕೊಡಲೇಬೇಕು. ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂದಾಗ ಗಣಿತದ ಮೇಷ್ಟ್ರು ಡ್ರಾಯಿಂಗ್ ಪೀರಿಯಡ್ ಎತ್ತಿಕೊಂಡಂತೆ ಇಲ್ಲಿ ಎತ್ತಿಕೊಳ್ಳುವ ಹಾಗಿಲ್ಲ. ಕೊನೆಯ ವರ್ಷದಲ್ಲಿ ಪ್ರತಿ ಮಗುವೂ ತಾನೇ ಆರಿಸಿಕೊಂಡ ಒಂದು ಕೆಲಸವನ್ನು ತಿಂಗಳುಗಟ್ಟಲೆ ಮಾಡಿ, ಹೇಗೆ ಮಾಡಿದೆನೆಂಬ ವರದಿ ಬರೆಯಬೇಕು. ಇನ್ನು ಅಂಕಗಳ ವಿಷಯ. ಪ್ರತಿ ವಿಷಯಕ್ಕೂ ನಾಲ್ಕು ಮಾನದಂಡಗಳು, ಒಂದೊಂದಕ್ಕೆ ಗರಿಷ್ಠ 8. ಒಟ್ಟು 32ರಲ್ಲಿ ಸಿಕ್ಕಿದ್ದನ್ನು 1ರಿಂದ 7ರವರೆಗಿನ ದರ್ಜೆಗೆ ಇಳಿಸುತ್ತಾರೆ. ಮಗುವನ್ನು ಅಳೆಯುವುದು ಮೊದಲೇ ಬರೆದಿಟ್ಟ ಮಾನದಂಡದಿಂದ. ಪಕ್ಕದ ಬೆಂಚಿನ ಮಗುವಿನಿಂದಲ್ಲ. “ನಮ್ಮ ಹುಡುಗ ಎಷ್ಟನೇ ರ‍್ಯಾಂಕು?” ಎಂದು ಕೇಳುವ ತಂದೆಗೆ ಇಲ್ಲಿ ಉತ್ತರ ಸಿಗುವುದಿಲ್ಲ.

ಈ ಕ್ರಮದ ಬಲ ಎಲ್ಲಿದೆಯೆಂದು ತಿಳಿಯಲು ನಮ್ಮ ನೆಲದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೀದರಿನ ಪಕ್ಕದ ನೌಬಾದಿನಲ್ಲಿ ನೆಲದಡಿ ಸುರಂಗವೊಂದಿದೆ. ಬಹಮನಿ ಸುಲ್ತಾನರ ಕಾಲದ ಕರೇಜ್ ಅದು. ಭೂಮಿಯೊಳಗಿನ ನೀರನ್ನು ಯಾವ ಯಂತ್ರವೂ ಇಲ್ಲದೆ ಇಳಿಜಾರಿನಿಂದಲೇ ಊರಿಗೆ ತರುವ ವಿದ್ಯೆ ಇರಾನಿನಿಂದ ದಖ್ಖನಿಗೆ ಬಂತು. ನಮ್ಮ ಪಠ್ಯಪುಸ್ತಕಕ್ಕೆ ಇದು ಒಂದು ಸಾಲಿನ ವಿಷಯ. ಎಂವೈಪಿ ಕ್ರಮದಲ್ಲಿ ಇದೇ ಹಲವು ವಾರಗಳ ಪಾಠವಾಗಬಲ್ಲದು. ಇಳಿಜಾರಿನ ಲೆಕ್ಕ ಗಣಿತಕ್ಕೆ, ಕಲ್ಲು ಮತ್ತು ಅಂತರ್ಜಲ ವಿಜ್ಞಾನಕ್ಕೆ, ಬಹಮನಿ ಆಳ್ವಿಕೆ ಚರಿತ್ರೆಗೆ, ಫಾರ್ಸಿಯ ‘ಕಾರೀಜ್’ ಬೀದರಿಗರ ಬಾಯಲ್ಲಿ ‘ಕರೇಜ್’ ಆದ ಬಗೆ ಭಾಷೆಗೆ. ಕೊನೆಗೆ ಒಂದು ಪ್ರಶ್ನೆ: ಆ ನೀರು ಯಾರಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ? ಈ ಕ್ರಮದಲ್ಲಿ ಪಾಠಗಳನ್ನು ಜೋಡಿಸುವ ಆರು ಜಾಗತಿಕ ಸಂದರ್ಭಗಳಲ್ಲಿ ನ್ಯಾಯ ಮತ್ತು ಅಭಿವೃದ್ಧಿ ಎಂಬುದೂ ಒಂದು. ಆ ಪ್ರಶ್ನೆ ಅಲ್ಲಿಗೆ ಸೇರುತ್ತದೆ. ಹೀಗೆ ಕಲಿತ ಮಗುವಿಗೆ ಬೀದರಿನಿಂದ ಇರಾನು ದೂರವೆನಿಸುವುದಿಲ್ಲ.

ಇಷ್ಟು ಒಳ್ಳೆಯ ಕ್ರಮವನ್ನು ಕುಟುಂಬಗಳ ಮುಂದಿಡುವಾಗ ಏನಾಗುತ್ತದೆ? ಬೆಂಗಳೂರಿನಲ್ಲಿ ನಡೆದ ಇಂಥದೊಂದು ಪರಿಚಯ ಸಭೆಯಲ್ಲಿ ನಾವೂ ಕುಳಿತಿದ್ದೆವು. ತೆರೆಯ ಮೇಲೆ ಚಿತ್ರಗಳು ಒಂದಾದ ಮೇಲೊಂದು ಬಂದವು. ಮಾತೆಲ್ಲ ಇಂಗ್ಲಿಷಿನಲ್ಲಿ. ಇನ್‌ಕ್ವಯರರ್, ರಿಸ್ಕ್ ಟೇಕರ್, ರಿಫ್ಲೆಕ್ಟಿವ್ ಎಂಬ ಪದಗಳು ಸಾಲುಗಟ್ಟಿ ಬಂದವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ತನ್ನ ಗಂಡನ ಕಿವಿಯಲ್ಲಿ ದಖನಿಯಲ್ಲಿ “ಕ್ಯಾ ಬೋಲ್ರೈಂ ಇನೋ?” ಎಂದು ಕೇಳುತ್ತಿದ್ದರು. ಗಂಡ “ಬಾದ್ ಮೇಂ ಬೋಲ್ತೂಂ” ಎಂದರು. ಪ್ರಶ್ನೆ ಕೇಳುವುದೇ ಕಲಿಕೆಯ ಆರಂಭವೆಂದು ಸಾರುವ ಸಭೆಯಲ್ಲಿ ಆ ತಾಯಿಯ ಪ್ರಶ್ನೆ ವೇದಿಕೆಯವರೆಗೆ ಹೋಗಲಿಲ್ಲ. ಸಭೆ ಮುಗಿಯುವ ಹೊತ್ತಿಗೆ ಹೆತ್ತವರ ಕೈಯಲ್ಲಿದ್ದದ್ದು ಶುಲ್ಕದ ಪಟ್ಟಿ.

ನಮ್ಮ ಆಕ್ಷೇಪ ಇಂಗ್ಲಿಷಿನ ಮೇಲಲ್ಲ. ಆ ಕಾರ್ಯಕ್ರಮದ ನಿಯಮವೇ ಬೇರೆ ಮಾತು ಹೇಳುತ್ತದೆ. ಪ್ರತಿ ಮಗುವೂ ಪ್ರತಿ ವರ್ಷ ಕನಿಷ್ಠ ಎರಡು ಭಾಷೆಗಳನ್ನು ಕಲಿಯಬೇಕು. ಶಾಲೆಗೆ ಬರಹರೂಪದ ಭಾಷಾನೀತಿ ಇರಬೇಕು. ಮಗುವಿನ ಮನೆಮಾತಿಗೆ ಅದರಲ್ಲಿ ಬೆಂಬಲ ಇರಬೇಕು. ಪರಿಚಯ ಪುಸ್ತಿಕೆಗಳಲ್ಲಿ ಮಾತ್ರ ‘ಎರಡನೇ ಭಾಷೆ’ ಎಂದರೆ ಫ್ರೆಂಚ್ ಅಥವಾ ಸ್ಪ್ಯಾನಿಷ್ ಎಂಬಂತೆ ಕಾಣುತ್ತದೆ. ನಮ್ಮ ಸಮುದಾಯದ ಹನ್ನೊಂದು ವರ್ಷದ ಒಂದು ಮಗುವನ್ನು ನೋಡಿ. ಮನೆಯಲ್ಲಿ ದಖನಿ, ಮಂಗಳೂರಿನ ಕಡೆಯಾದರೆ ಬ್ಯಾರಿ, ಭಟ್ಕಳವಾದರೆ ನವಾಯತಿ. ಓದುವುದಕ್ಕೆ ಉರ್ದು, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ, ಬೆಳಗಿನ ಮದ್ರಸದಲ್ಲಿ ಅರಬಿ, ಮೇಲಿಂದ ಇಂಗ್ಲಿಷ್. ಎಡದಿಂದ ಬಲಕ್ಕೆ ಬರೆಯುವ ಲಿಪಿ, ಬಲದಿಂದ ಎಡಕ್ಕೆ ಬರೆಯುವ ಲಿಪಿ ಎರಡೂ ಆ ಮಗುವಿನ ಬೆರಳಿಗೆ ಗೊತ್ತು. ಜಿನೀವಾದ ಯಾವ ಮಗುವಿಗೂ ಕಡಿಮೆಯಿಲ್ಲದ ಈ ಆಸ್ತಿಯನ್ನು ಪ್ರವೇಶದ ಅರ್ಜಿಯಲ್ಲಿ ಬರೆಯಲು ‘ಮಾತೃಭಾಷೆ’ ಎಂಬ ಒಂದೇ ಒಂದು ಖಾನೆ. ಅದನ್ನು ತುಂಬುವಾಗಲೂ ಎಷ್ಟೋ ತಂದೆಯರು ದಖನಿ ಎಂದು ಬರೆಯಲು ನಾಚಿ ಉರ್ದು ಎಂದು ಬರೆಯುತ್ತಾರೆ. ಶಾಲೆ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. ತಮಗಿಂತ ಭಿನ್ನರಾದವರು ಆ ಭಿನ್ನತೆಯೊಂದಿಗೇ ಸರಿಯಾಗಿರಬಹುದು ಎಂಬ ಅರಿವನ್ನು ಮಕ್ಕಳಲ್ಲಿ ಬೆಳೆಸುವುದು ಐಬಿಯ ಘೋಷಿತ ಗುರಿಗಳಲ್ಲಿ ಒಂದು. ನಮ್ಮಲ್ಲಿ ಕೆಲವರಿಗೆ ಇದನ್ನು ಕೇಳಿದರೆ ಭಯ. ಎಲ್ಲವನ್ನೂ ಪ್ರಶ್ನಿಸಲು ಕಲಿಸಿದರೆ, ಎಲ್ಲರೂ ಸರಿ ಎಂದರೆ ಮಗುವಿನ ಈಮಾನ್ ಏನಾದೀತು ಎಂಬ ಆತಂಕ. ಆತಂಕವನ್ನು ಗೇಲಿ ಮಾಡಬೇಕಿಲ್ಲ. ಆದರೆ ಕರ್ನಾಟಕದ ಮುಸ್ಲಿಮರಿಗೆ ಈ ಪಾಠ ಹೊಸದೇ? ಕರಾವಳಿಯ ಮಸೀದಿಗಳಲ್ಲಿ ಶಾಫಿ ಪದ್ಧತಿ, ಘಟ್ಟದ ಮೇಲೆ ಹನಫಿ ಪದ್ಧತಿ. ನಮಾಝಿನಲ್ಲಿ ಕೈ ಎತ್ತುವುದರಿಂದ ಹಿಡಿದು ಅಸರ್‌ನ ವೇಳೆಯವರೆಗೆ ವ್ಯತ್ಯಾಸಗಳಿವೆ. ಆದರೂ ಶಿವಮೊಗ್ಗದವನು ಉಡುಪಿಗೆ ಹೋದರೆ ಶಾಫಿ ಇಮಾಮರ ಹಿಂದೆ ನಿಂತು ನಮಾಝ್ ಮಾಡುತ್ತಾನೆ. ನಾನು ನನ್ನ ದಾರಿಯಲ್ಲಿ ಸರಿ, ಅವನು ಅವನ ದಾರಿಯಲ್ಲಿ ಸರಿ ಎಂಬ ಇಖ್ತಿಲಾಫಿನ ಅದಬನ್ನು ನಮ್ಮ ಹಿರಿಯರು ಮಕ್ಕಳಿಗೆ ಕಲಿಸಿಕೊಂಡೇ ಬಂದಿದ್ದಾರೆ. ಪರಿಚಯ ಸಭೆಯಲ್ಲಿ ನಿಲ್ಲುವ ಶಿಕ್ಷಕಿಗೆ ಇದು ಗೊತ್ತಿದ್ದರೆ ಆ ತಾಯಿಗೆ ಎರಡೇ ನಿಮಿಷದಲ್ಲಿ ವಿಷಯ ತಿಳಿಸಬಹುದಿತ್ತು.

ಇದೇ ಮಾತನ್ನು ನಮ್ಮ ನಾಡಿನ ತರಗತಿಗೆ ತಂದರೆ ಅದರ ಭಾರ ತಿಳಿಯುತ್ತದೆ. 2022ರ ಫೆಬ್ರವರಿ 5ರ ಸರಕಾರಿ ಆದೇಶದ ನಂತರ ತಲೆವಸ್ತ್ರ ಧರಿಸಿದ ವಿದ್ಯಾರ್ಥಿನಿಯರು ಕಾಲೇಜುಗಳ ಗೇಟಿನ ಹೊರಗೆ ನಿಂತದ್ದನ್ನು ಇಡೀ ಜಗತ್ತು ನೋಡಿತು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ಕೊಟ್ಟರು. ಕಲಿತವರು, ಪ್ರಾಮಾಣಿಕರು ಒಂದೇ ವಿಷಯದಲ್ಲಿ ಬೇರೆಯಾಗಿ ಯೋಚಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಕೇ? ಜಪಾನಿನ ಹಬ್ಬ, ಮೆಕ್ಸಿಕೋದ ಊಟ ಇವುಗಳನ್ನು ವರ್ಷಕ್ಕೊಮ್ಮೆ ಆಚರಿಸಿ, ಪಕ್ಕದ ಬೆಂಚಿನ ಹುಡುಗಿಯ ದುಪಟ್ಟಾದ ಬಗ್ಗೆ ಬಾಯಿ ಬಿಡದ ಶಾಲೆ ತನ್ನನ್ನು ಅಂತರರಾಷ್ಟ್ರೀಯ ಎಂದು ಕರೆದುಕೊಂಡರೆ ಆ ಪದಕ್ಕೆ ಅರ್ಥವೇನು? ಐಬಿ ಶಾಲೆಗಳಿಗೆ ಸೇರುವ ಕುಟುಂಬಗಳು ಕೇಳಬೇಕಾದ ಮೊದಲ ಪ್ರಶ್ನೆ ಇದು. ಕೇಳುವವರು ಮುಸ್ಲಿಮರೇ ಆಗಬೇಕೆಂದಿಲ್ಲ.

ಮೂರನೆಯದು ಹಣದ ಮಾತು. ನಮ್ಮ ನಗರಗಳಲ್ಲಿ ಈ ಶಿಕ್ಷಣಕ್ಕೆ ವರ್ಷಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಹಾಗಾಗಿ ಇದು ಹುಟ್ಟಿನಿಂದಲೇ ಶ್ರೀಮಂತರ ಸೊತ್ತು ಎಂದು ನಾವು ತಿಳಿದಿದ್ದೇವೆ. ಚರಿತ್ರೆ ಬೇರೆಯೇ ಇದೆ. ಕ್ವಿಬೆಕ್‌ನಲ್ಲಿ ಇದು ಫ್ರೆಂಚ್ ಮಾಧ್ಯಮದ ಸಾರ್ವಜನಿಕ ಶಾಲೆಗಳಲ್ಲೂ ಬೆಳೆಯಿತು. ಅಮೆರಿಕದ ಐಬಿ ಶಾಲೆಗಳಲ್ಲಿ ಬಹುಪಾಲು ಸರಕಾರಿ ಶಾಲೆಗಳೇ. ನಮ್ಮ ದೇಶದಲ್ಲಿಯೂ 2021ರಲ್ಲಿ ದೆಹಲಿ ಸರಕಾರ ತನ್ನ ಹೊಸ ಶಿಕ್ಷಣ ಮಂಡಳಿಗಾಗಿ, 2024ರ ಜನವರಿಯಲ್ಲಿ ಅಂದಿನ ಆಂಧ್ರಪ್ರದೇಶ ಸರಕಾರ ತನ್ನ ಶಾಲೆಗಳಿಗಾಗಿ ಐಬಿಯೊಂದಿಗೆ ಒಪ್ಪಂದ ಮಾಡಿಕೊಂಡವು. ಎರಡೂ ಕಡೆ ಮುಂದೆ ಚುನಾವಣೆಯಲ್ಲಿ ಸರಕಾರಗಳು ಬದಲಾದವು. ಚುನಾವಣೆಯಿಂದ ಚುನಾವಣೆಗೆ ನಡೆಯುವ ರಾಜಕೀಯಕ್ಕೆ ಐದು ವರ್ಷದ ಪಾಠಕ್ರಮದ ತಾಳ್ಮೆ ಇರುವುದು ಕಷ್ಟ.

ಮುಸ್ಲಿಮ್ ಓದುಗರು ಗಮನಿಸಬೇಕಾದ ಇನ್ನೊಂದು ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಇಸ್ಮಾಯಿಲಿ ಶಿಯಾ ಪಂಥದ ಇಮಾಮರಾಗಿದ್ದ, 2025ರ ಫೆಬ್ರವರಿಯಲ್ಲಿ ನಿಧನರಾದ ನಾಲ್ಕನೇ ಆಗಾ ಖಾನ್ ಅವರ ಸಂಸ್ಥೆ 2003ರಲ್ಲಿ ಕೀನ್ಯಾದ ಮೊಂಬಾಸಾದಲ್ಲಿ, 2011ರಲ್ಲಿ ಹೈದರಾಬಾದಿನಲ್ಲಿ, ಆಮೇಲೆ ಮೊಝಾಂಬಿಕ್‌ನ ಮಪುಟೊದಲ್ಲಿ ಅಕಾಡೆಮಿಗಳನ್ನು ತೆರೆಯಿತು. ಪಾಠಕ್ರಮ ಐಬಿಯದೇ. ಆದರೆ ಪ್ರವೇಶ ಯೋಗ್ಯತೆಯ ಮೇಲೆ; ಹಣವಿಲ್ಲದವರಿಗೆ ನೆರವು; ಎಲ್ಲ ಧರ್ಮದವರಿಗೂ ಬಾಗಿಲು. ಮೊಂಬಾಸಾದಲ್ಲಿ ಇಂಗ್ಲಿಷಿನ ಜೊತೆ ಸ್ವಾಹಿಲಿ, ಮಪುಟೊದಲ್ಲಿ ಪೋರ್ಚುಗೀಸ್. 2008ರ ಏಪ್ರಿಲ್‌ನಲ್ಲಿ ಅಟ್ಲಾಂಟಾದಲ್ಲಿ ಐಬಿಯ ಸಭೆಯಲ್ಲಿಯೇ ಮಾತನಾಡುತ್ತಾ ಆಗಾ ಖಾನ್ ಎತ್ತಿದ ಪ್ರಶ್ನೆಯ ಸಾರ ಇಷ್ಟು: ಒಂದು ಶಿಕ್ಷಣ ಕ್ರಮ ಏಕಕಾಲಕ್ಕೆ ಒಂದು ನೆಲದ್ದೂ ಜಗತ್ತಿನದೂ ಆಗುವುದು ಹೇಗೆ? ಪಂಥಭೇದ ಏನೇ ಇರಲಿ, ಈ ಪ್ರಶ್ನೆ ನಮ್ಮೆಲ್ಲರದು.

ನಮ್ಮವರು ಅದಕ್ಕೆ ಕೊಟ್ಟ ಉತ್ತರವನ್ನು ನೋಡಿದರೆ ಬೇಸರವಾಗುತ್ತದೆ. ಕಳೆದ ಎರಡು ದಶಕಗಳಲ್ಲಿ ನಮ್ಮ ಪಟ್ಟಣಗಳಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಪದ ಹೊತ್ತ ಬೋರ್ಡುಗಳು ಹೆಚ್ಚಿದವು. ಬೋರ್ಡಿನ ಒಳಗೆ ಅದೇ ಕಂಠಪಾಠ, ಅದೇ ಗೈಡು, ಅದೇ ಬೆತ್ತ. ಅಂತರರಾಷ್ಟ್ರೀಯವಾದದ್ದು ಟೈ ಮತ್ತು ಶುಲ್ಕ ಮಾತ್ರ. ಉರ್ದುವಿನಲ್ಲಿ ತಾಲೀಮ್ ಎಂಬ ಮಾತಿಗೆ ಜೋಡಿಯಾಗಿ ತರ್ಬಿಯತ್ ಎನ್ನುತ್ತೇವೆ. ಕಲಿಸುವುದು ಒಂದು, ಬೆಳೆಸುವುದು ಇನ್ನೊಂದು. ಎರಡಕ್ಕೂ ಬೋರ್ಡು ಸಾಲದು.

ಹಾಗಾದರೆ ಒಂದು ಸಾಮಾನ್ಯ ಕುಟುಂಬ ಏನು ಮಾಡಬೇಕು? ದುಡ್ಡಿರುವವರು ಸೇರಿಸುವ ಮೊದಲು ಕೇಳಲಿ. ಶಾಲೆಗೆ ಮಾನ್ಯತೆ ಇರುವುದು ಮಿಡ್ಲ್ ಇಯರ್ಸ್ ಪ್ರೋಗ್ರಾಮಿಗೋ, ಮೇಲಿನ ಡಿಪ್ಲೊಮಾಕ್ಕೆ ಮಾತ್ರವೋ? ಐಬಿ ಐದು ವರ್ಷಕ್ಕೊಮ್ಮೆ ಶಾಲೆಯನ್ನು ಮರುಪರಿಶೀಲಿಸುತ್ತದೆ. ಕಳೆದ ಸಲ ಏನು ಹೇಳಿತು? ನಿಮ್ಮ ಭಾಷಾನೀತಿಯ ಪ್ರತಿ ಕೊಡುತ್ತೀರಾ? ಅದರಲ್ಲಿ ಕನ್ನಡ ಎಲ್ಲಿದೆ, ನಮ್ಮ ಮನೆಮಾತು ಎಲ್ಲಿದೆ? ಉತ್ತರ ಕೊಡಲು ಹಿಂಜರಿಯುವ ಶಾಲೆ ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸಲಾರದು.

ದುಡ್ಡಿಲ್ಲದವರೇ ನಮ್ಮಲ್ಲಿ ಹೆಚ್ಚು. 2006ರ ಸಾಚಾರ್ ವರದಿಯ ಪ್ರಕಾರ 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೆ ಹೋದವರೇ ಅಲ್ಲ, ಇಲ್ಲವೇ ನಡುವೆ ಬಿಟ್ಟವರು. ಹುಡುಗ ಗ್ಯಾರೇಜಿಗೆ, ಹುಡುಗಿ ಬೀಡಿ ಸೂಪಿಗೆ ಹೋಗುವ ವಯಸ್ಸು ಇದೇ ಮಾಧ್ಯಮಿಕ ಶಾಲೆಯ ವಯಸ್ಸು. ಅವರಿಗೆ ಈ ಕಾರ್ಯಕ್ರಮದ ಹೆಸರು ತಲುಪದಿದ್ದರೆ ನಷ್ಟವೇನಿಲ್ಲ. ಅದರ ಒಂದೆರಡು ಕ್ರಮಗಳು ತಲುಪಿದರೆ ದೊಡ್ಡ ಲಾಭ. ವಿದ್ಯಾರ್ಥಿಯೇ ಆರಿಸಿಕೊಂಡ ಒಂದು ಕೆಲಸವನ್ನು ವರ್ಷವಿಡೀ ಮಾಡಿಸುವುದಕ್ಕೆ ಜಿನೀವಾದ ಅನುಮತಿ ಬೇಕಿಲ್ಲ. ಬೀಡಿ ಕಟ್ಟುವ ಅಜ್ಜಿಯ ದಿನದ ಕೂಲಿಯ ಲೆಕ್ಕ, ಓಣಿಯ ಬಾವಿಯ ನೀರಿನ ಪರೀಕ್ಷೆ, ಊರಿನ ದಖನಿ ಗಾದೆಗಳ ಸಂಗ್ರಹ ಇವನ್ನು ಸರಕಾರಿ ಉರ್ದು ಶಾಲೆಯ ಏಳನೇ ತರಗತಿಯ ಹುಡುಗಿ ಮಾಡಬಲ್ಲಳು. ಬೇಕಾದದ್ದು ಒಬ್ಬ ಶಿಕ್ಷಕ, ಒಂದು ನೋಟ್‌ಬುಕ್ಕು, ಮತ್ತು ಅವಳು ಓದಿ ಹೇಳುವಾಗ ಕೂತು ಕೇಳುವ ಹೆತ್ತವರು. ಮಸೀದಿಯ ಜಮಾಅತ್‌ಗಳು, ಸಮುದಾಯದ ಟ್ರಸ್ಟುಗಳು ಈ ವರ್ಷ ಇನ್ನೊಂದು ಬೋರ್ಡು ಬರೆಸುವ ಬದಲು ಹತ್ತಿರದ ಒಂದು ಶಾಲೆಯಲ್ಲಿ ಇಷ್ಟನ್ನು ಆರಂಭಿಸಲಿ. ಹೆತ್ತವರನ್ನು ಕರೆಯುವ ಮೊದಲ ಸಭೆಯಲ್ಲಿ ಮಾತು ಕನ್ನಡದಲ್ಲೂ ದಖನಿಯಲ್ಲೂ ಇರಲಿ, ಮೊದಲ ಪ್ರಶ್ನೆ ಹಿಂದಿನ ಸಾಲಿನ ತಾಯಂದಿರಿಂದ ಬರಲಿ.