ಸಿಲಿಂಡರ್ ಎಣಿಸಿದರೆ ಜಳಕದ ನೀರಿನ ಲೆಕ್ಕ ಸಿಗದು

ಕರ್ನಾಟಕದ ಚಳಿಯ ಸುದ್ದಿ ಬಂದಾಗ ಬೀದರಿನ ಹೆಸರು ಮೊದಲ ಸಾಲಿನಲ್ಲೇ ಇರುತ್ತದೆ. ಸುಮಾರು 700 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಶೀತಗಾಳಿ ಬೀಸಿದರೆ ಬೆಳಗಿನ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಇಲ್ಲಿನ ಮನೆಗಳಿಗೆ ಎಷ್ಟು ಇಂಧನ ಬೇಕು ಎಂದು ಕೇಳಿದರೆ ಮೊದಲು ಕೈಗೆ ಸಿಗುವುದು ಅಡುಗೆ ಅನಿಲದ ಅಂಕಿಗಳು. ಅವುಗಳನ್ನು ನಂಬಿ ಬೇಡಿಕೆಯನ್ನು ಅಂದಾಜು ಮಾಡುವ ಪದ್ಧತಿ ಎಷ್ಟು ಗಟ್ಟಿ?

ಪದ್ಧತಿಯ ಬುಡದಲ್ಲಿ ಎರಡು ಎಣಿಕೆಗಳಿವೆ. ಒಂದು, ಸಂಪರ್ಕಗಳ ವ್ಯಾಪ್ತಿ. 2002ರಲ್ಲಿ ಆರಂಭವಾದ ಕೇಂದ್ರದ ಪೆಟ್ರೋಲಿಯಂ ಯೋಜನೆ ಮತ್ತು ವಿಶ್ಲೇಷಣಾ ಕೋಶವು ಸಕ್ರಿಯ ಗೃಹಬಳಕೆ ಸಂಪರ್ಕಗಳನ್ನು ಅಂದಾಜು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ ಇದನ್ನು ಕೊಡುತ್ತಿತ್ತು. ಆ ಕುಟುಂಬಗಳ ಸಂಖ್ಯೆಯಾದರೂ 2011ರ ಜನಗಣತಿಯಿಂದ ಮುಂದಕ್ಕೆ ಎಳೆದದ್ದು. ಕೆಲವು ರಾಜ್ಯಗಳಲ್ಲಿ ವ್ಯಾಪ್ತಿ ನೂರು ಪ್ರತಿಶತ ದಾಟಿತು. ಛೇದದಲ್ಲೇ ದೋಷವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎರಡನೆಯದು, ಮರುಭರ್ತಿಯ ಲೆಕ್ಕ. ಇದು ಹೆಚ್ಚು ಪ್ರಾಮಾಣಿಕ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯನ್ನು ಪರಿಶೀಲಿಸಿದ ಮಹಾಲೇಖಪಾಲರ 2019ರ ವರದಿ, ಫಲಾನುಭವಿ ಕುಟುಂಬ ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸಿಕೊಂಡದ್ದನ್ನು ತೋರಿಸಿತು. ಸಂಪರ್ಕಕ್ಕೂ ಬಳಕೆಗೂ ಇರುವ ಅಂತರವನ್ನು ಬಯಲಿಗೆ ತಂದ ಶ್ರೇಯ ಈ ಲೆಕ್ಕಕ್ಕೇ ಸಲ್ಲಬೇಕು. ಸಬ್ಸಿಡಿ ನೇರ ಬ್ಯಾಂಕ್ ಖಾತೆಗೆ ಬರಲು ಶುರುವಾದ ಮೇಲೆ ಪ್ರತಿ ಸಿಲಿಂಡರಿನ ಜಾಡೂ ಸಿಗುತ್ತದೆ. ಪೂರೈಕೆಯ ಲೆಕ್ಕಪುಸ್ತಕವಾಗಿ ಇದಕ್ಕೆ ಪೂರ್ಣ ಅಂಕ ಕೊಡಬಹುದು.

ಆದರೆ ಮಾರಾಟವಾದದ್ದೆಲ್ಲ ಬೇಡಿಕೆಯಲ್ಲ, ಬೇಡಿಕೆಯೆಲ್ಲ ಮಾರಾಟಕ್ಕೆ ಬರುವುದೂ ಇಲ್ಲ. 2020ರಲ್ಲಿ ಉಜ್ವಲಾ ಮನೆಗಳಿಗೆ ಮೂರು ಸಿಲಿಂಡರ್ ಉಚಿತವಾಗಿ ಬಂದವು. 2022ರ ಮೇ ತಿಂಗಳಿಂದ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಲ್ಲಿ 300 ರೂಪಾಯಿ ಸಬ್ಸಿಡಿ ಆಯಿತು. ಇಂಥ ವರ್ಷಗಳ ಮಾರಾಟದಲ್ಲಿ ದರದ ಏರಿಳಿತ ಎಷ್ಟು, ಮನೆಯ ಅಗತ್ಯ ಎಷ್ಟು ಎಂದು ಬೇರ್ಪಡಿಸದೆ ಗೆರೆ ಎಳೆದರೆ ಅದು ಮುನ್ನಂದಾಜು ಆಗುವುದಿಲ್ಲ.

ಬೀದರಿಗೆ ಸಂಬಂಧಿಸಿದ ದೊಡ್ಡ ತಪ್ಪು ಪ್ರಶ್ನೆಯಲ್ಲೇ ಇದೆ. 2011ರ ಜನಗಣತಿ ಮನೆಯಲ್ಲಿ ಬಚ್ಚಲು ಇದೆಯೇ ಎಂದು ಕೇಳಿತು, ಅಡುಗೆಗೆ ಯಾವ ಇಂಧನ ಎಂದೂ ಕೇಳಿತು. ಬಚ್ಚಲ ಹಂಡೆಯ ಕೆಳಗೆ ಏನು ಉರಿಯುತ್ತದೆ ಎಂದು ಕೇಳಲಿಲ್ಲ. ಇಲ್ಲಿ ಯಾರೂ ಕೋಣೆ ಬೆಚ್ಚಗೆ ಮಾಡುವುದಿಲ್ಲ. ಚಳಿಯ ಖರ್ಚೆಲ್ಲ ಜಳಕದ ನೀರಿನದು. ಐದು ಜನರ ಮನೆಗೆ ದಿನಕ್ಕೆ 100 ಲೀಟರ್ ನೀರನ್ನು 18 ಡಿಗ್ರಿಯಿಂದ 42ಕ್ಕೆ ಏರಿಸಲು ಸುಮಾರು 10 ಮೆಗಾಜೂಲ್ ಶಾಖ ಬೇಕು. ಒಲೆಯ ದಕ್ಷತೆ 60 ಪ್ರತಿಶತ ಎಂದು ಹಿಡಿದರೆ ದಿನಕ್ಕೆ 365 ಗ್ರಾಂ ಗ್ಯಾಸ್. ಅಂದರೆ 14.2 ಕಿಲೋ ಸಿಲಿಂಡರ್ ಬರೀ ಜಳಕಕ್ಕೆ 40 ದಿನದೊಳಗೆ ಖಾಲಿ. ವರ್ಷಕ್ಕೆ ಮೂರೋ ನಾಲ್ಕೋ ಸಿಲಿಂಡರ್ ಕೊಳ್ಳುವ ಮನೆ ಇದನ್ನು ಗ್ಯಾಸಿನ ಮೇಲೆ ಮಾಡಲಾರದು. ಈ ಹೊರೆ ಹೊರುತ್ತಿರುವುದು ತೊಗರಿ ಕಟ್ಟಿಗೆ ಮತ್ತು ಕುಳ್ಳು. ಅವಕ್ಕೆ ರಸೀದಿ ಇಲ್ಲ, ಹಾಗಾಗಿ ಲೆಕ್ಕವೂ ಇಲ್ಲ.

ಹೊರಗಿನ ಮಾದರಿ ತಂದು ಹೊಂದಿಸುವುದೂ ಸುಲಭವಲ್ಲ. ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಪ್ರತಿ ಅಕ್ಟೋಬರಿನಲ್ಲಿ ಚಳಿಗಾಲದ ಮುನ್ನಂದಾಜು ಪ್ರಕಟಿಸುತ್ತದೆ. ಪ್ರದೇಶವಾರು, ಇಂಧನವಾರು ವಿಂಗಡಿಸಿ, ಚಳಿ ಶೇ 10ರಷ್ಟು ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂಬುದನ್ನೂ ಹೇಳುತ್ತದೆ. ಆ ಶಿಸ್ತನ್ನು ನಾವು ಕಲಿಯಬೇಕು. ಅಳತೆಗೋಲನ್ನು ಮಾತ್ರ ಎರವಲು ತರಬಾರದು. ದಿನದ ಸರಾಸರಿ ತಾಪಮಾನ 18.3 ಡಿಗ್ರಿಗಿಂತ ಎಷ್ಟು ಕಡಿಮೆಯೋ ಅಷ್ಟು ಶಾಖದ ಅಗತ್ಯ ಎಂಬುದು ಅಲ್ಲಿನ ಸೂತ್ರ. ಬೆಳಗ್ಗೆ 9, ಮಧ್ಯಾಹ್ನ 27 ಡಿಗ್ರಿ ಇರುವ ಬೀದರಿನ ದಿನಕ್ಕೆ ಸರಾಸರಿ 18. ಸೂತ್ರದ ಪ್ರಕಾರ ಅಗತ್ಯ 0.3, ಅಂದರೆ ಇಲ್ಲವೆಂದೇ ಲೆಕ್ಕ. ನಸುಕಿನಲ್ಲಿ ಜಳಕ ಮಾಡುವವರಿಗೆ ಮಧ್ಯಾಹ್ನದ ಬಿಸಿಲಿನಿಂದ ಏನು ಪ್ರಯೋಜನ? ಇಲ್ಲಿ ಬೇಕಾದದ್ದು ಬೆಳಗಿನ ಕನಿಷ್ಠ ತಾಪಮಾನವನ್ನು ಆಧರಿಸಿದ ಅಳತೆ.

ಜಿಲ್ಲೆಯ ಸರಾಸರಿಯೂ ಮೋಸ ಮಾಡುತ್ತದೆ. ಬೀದರ್ ನಗರದಲ್ಲಿ ಹೊರೆ ಗೀಸರಿಗೆ, ನೀರು ಕಾಯಿಸುವ ರಾಡಿಗೆ, ಅಂದರೆ ವಿದ್ಯುತ್ ಕಂಪನಿ ಜೆಸ್ಕಾಂನ ಮೀಟರಿಗೆ ಸರಿಯುತ್ತಿದೆ. ಅದೇ 10 ಮೆಗಾಜೂಲ್ ದಿನಕ್ಕೆ 2.8 ಯೂನಿಟ್, ತಿಂಗಳಿಗೆ 84. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಮಿತಿ ನಿಂತಿರುವುದು 2022–23ರ ವಾರ್ಷಿಕ ಸರಾಸರಿಯ ಮೇಲೆ. ಚಳಿ ಇರುವುದು ಎರಡು–ಮೂರು ತಿಂಗಳು, ಹಾಗಾಗಿ ಆ ಸರಾಸರಿಯಲ್ಲಿ ಚಳಿಯ ಹೊರೆ ಪೂರ್ತಿ ಕಾಣುವುದಿಲ್ಲ. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯದ ನೀರು, ಹುಣಜಿಯ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ, ಕಬ್ಬಿನ ಹೊಲ ಎಲ್ಲವೂ ಇವೆ. ಆದರೆ ಕಬ್ಬಿನ ಸಿಪ್ಪೆ ಕಾರ್ಖಾನೆಯ ಬಾಯ್ಲರಿಗೆ ಹೋಗುತ್ತದೆ, ಒಣ ಎಲೆ ಭಗ್ಗನೆ ಹತ್ತಿ ಆರಿಹೋಗುತ್ತದೆ. ಔರಾದ್ ತಾಲ್ಲೂಕಿನದು ಮಳೆ ನಂಬಿದ ಬೇಸಾಯ. ತಾಂಡಾಗಳಿಂದ ದುಡಿಯಲು ಹೈದರಾಬಾದ್, ಪುಣೆಗೆ ಹೋದವರ ಸಂಪರ್ಕ ಇಲ್ಲಿ, ಒಲೆ ಅಲ್ಲಿ. 2011ರಲ್ಲಿ ಐದು ತಾಲ್ಲೂಕುಗಳಿದ್ದ ಜಿಲ್ಲೆಯಲ್ಲಿ ಈಗ ಎಂಟಿವೆ; ಕಮಲನಗರ ಬೇರೆಯಾದ ಮೇಲೆ ಔರಾದಿನ ಹಳೆಯ ಅಂಕಿಗಳನ್ನು ಹೊಸದಕ್ಕೆ ನೇರವಾಗಿ ಹೋಲಿಸಲೂ ಬಾರದು.

ಮುನ್ನಂದಾಜು ಮಾಡುವವರು ನೋಡಲೇಬೇಕಾದ ಇನ್ನೊಂದು ಪುಸ್ತಕ ಕೃಷಿ ಇಲಾಖೆಯ ಬಿತ್ತನೆ ವರದಿ. ಸೋಯಾ ಬೆಳೆಯಲ್ಲಿ ಬೀದರ್ ರಾಜ್ಯಕ್ಕೇ ಮುಂದು. ತೊಗರಿ ಕೊಯ್ದರೆ ಚಳಿಯ ಹೊತ್ತಿಗೇ ಕಟ್ಟಿಗೆ ಮನೆ ಸೇರುತ್ತದೆ. ಸೋಯಾ ರಾಶಿ ಮಾಡಿದ ಮೇಲೆ ಉಳಿಯುವುದು ಹೊಟ್ಟು. ತೊಗರಿಯ ಹೊಲ ಸೋಯಾಕ್ಕೆ ತಿರುಗಿದಷ್ಟೂ ಬಚ್ಚಲ ಒಲೆಯ ಕಟ್ಟಿಗೆ ಕಡಿಮೆಯಾಗಿ ಆ ಹೊರೆ ಗ್ಯಾಸಿನ ಮೇಲೋ ಕರೆಂಟಿನ ಮೇಲೋ ಬೀಳಬೇಕು. ಕಳೆದ ವರ್ಷದ ಸಿಲಿಂಡರ್ ಮಾರಾಟದಲ್ಲಿ ಈ ಸೂಚನೆ ಕಾಣುವುದಿಲ್ಲ.

ಒಟ್ಟಾರೆ ತೀರ್ಪು ಇಷ್ಟು: ಈಗಿನ ಪದ್ಧತಿ ಎಷ್ಟು ಕೊಟ್ಟೆವು ಎಂಬುದನ್ನು ಚೆನ್ನಾಗಿ ಹೇಳುತ್ತದೆ, ಎಷ್ಟು ಬೇಕು ಎಂಬುದನ್ನು ಹೇಳುವುದಿಲ್ಲ. ಇದನ್ನು ಸರಿಪಡಿಸಲು ದೊಡ್ಡ ಖರ್ಚೇನೂ ಬೇಡ. ಡಿಸೆಂಬರಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ತಾಲ್ಲೂಕಿಗೆ ಕೆಲವು ನೂರು ಮನೆಗಳನ್ನು ಆರಿಸಿ, ಜಳಕದ ನೀರು ಯಾವುದರಿಂದ ಕಾಯುತ್ತದೆ, ಕಟ್ಟಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಸಾಕು. ಜಿಲ್ಲಾ ಪಂಚಾಯಿತಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಅಲ್ಲಿಯವರೆಗೆ ಬೀದರಿನ ಇಂಧನ ಬೇಡಿಕೆ ಎಂದು ಯಾರಾದರೂ ಅಂಕಿ ಮುಂದಿಟ್ಟರೆ, ಅದರಲ್ಲಿ ಬಚ್ಚಲ ಒಲೆ ಸೇರಿದೆಯೇ ಎಂದು ಓದುಗರು ಮೊದಲು ಕೇಳಬೇಕು.