ಮೂತ್ರಪಿಂಡ ರೋಗ: ‘ಜೀವನಶೈಲಿ’ ಎಂದರೆ ಸಾಕೆ?

ಮೂತ್ರಪಿಂಡದ ರೋಗಗಳನ್ನು ಕುರಿತ ಜನಪ್ರಿಯ ಲೇಖನಗಳನ್ನು ನೀವು ಓದಿರುತ್ತೀರಿ. ಉಪ್ಪು ಕಡಿಮೆ ಮಾಡಿ, ಸಾಕಷ್ಟು ನೀರು ಕುಡಿಯಿರಿ, ಧೂಮಪಾನ ಬಿಡಿ, ಮಧುಮೇಹ ಹಾಗೂ ರಕ್ತದೊತ್ತಡವನ್ನು ಹತೋಟಿಯಲ್ಲಿಡಿ - ಇದು ಅವುಗಳ ಸಾರ. ಸಲಹೆಗಳೇನೋ ಸರಿ. ದೀರ್ಘಕಾಲಿಕ ಮೂತ್ರಪಿಂಡ ರೋಗಕ್ಕೆ ಮಧುಮೇಹ ಮತ್ತು ಏರು ರಕ್ತದೊತ್ತಡಗಳೇ ಮುಖ್ಯ ಕಾರಣಗಳು. ಆದರೆ ಈ ಪಟ್ಟಿಗಳಲ್ಲಿ ಎರಡು ದೋಷಗಳಿವೆ. ರೋಗಿಯ ಅಭ್ಯಾಸವೇ ರೋಗಕ್ಕೆ ಹೊಣೆ ಎಂಬ ಭಾವನೆಯನ್ನು ಅವು ಮೂಡಿಸುತ್ತವೆ. ‘ಗಿಡಮೂಲಿಕೆಯಿಂದ ಅಪಾಯವಿಲ್ಲ’ ಎಂಬ ನಂಬಿಕೆಯನ್ನು ಪ್ರಶ್ನಿಸದೆ ಬಿಡುತ್ತವೆ. ಎರಡೂ ಎಷ್ಟು ತಪ್ಪೆಂಬುದಕ್ಕೆ ಯುರೋಪಿನ ಒಂದು ನಿದರ್ಶನ ನೋಡಿ.

ಡ್ಯಾನ್ಯೂಬ್ ನದಿಯ ಉಪನದಿಗಳ ದಡದಲ್ಲಿರುವ ಬಲ್ಗೇರಿಯ, ರುಮೇನಿಯ, ಸರ್ಬಿಯ, ಬೋಸ್ನಿಯ, ಕ್ರೊಯೇಷಿಯಗಳ ಕೆಲವು ಹಳ್ಳಿಗಳಲ್ಲಿ ಮೂತ್ರಪಿಂಡಗಳು ನಿಧಾನವಾಗಿ ಕುಗ್ಗುವ ರೋಗವೊಂದು 1950ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂತು. ಒಂದು ಹಳ್ಳಿಯಲ್ಲಿ ರೋಗ, ಪಕ್ಕದ ಹಳ್ಳಿಯಲ್ಲಿ ಇಲ್ಲ! ಒಂದೇ ಮನೆಯ ಹಲವರಿಗೆ ಬರುತ್ತಿದ್ದರಿಂದ ಅನುವಂಶೀಯವೇ ಎಂಬ ಸಂದೇಹ. ಆದರೆ ಹೊರಗಿನಿಂದ ಬಂದು ಹಲವು ವರ್ಷ ನೆಲೆಸಿದವರಿಗೂ ಅದು ತಗಲುತ್ತಿತ್ತು. ಲಿಗ್ನೈಟ್ ಪದರಗಳಿಂದ ಬಾವಿಗೆ ಇಳಿದ ರಾಸಾಯನಿಕಗಳು, ಧಾನ್ಯದ ಬೂಷ್ಟಿನ ವಿಷ, ಭಾರಲೋಹಗಳು - ಎಲ್ಲವೂ ಶಂಕೆಗೆ ಒಳಗಾದವು. ಗೋಧಿ ಹೊಲದ ಕಳೆಯಾದ ಅರಿಸ್ಟೊಲೋಕಿಯದ ಬೀಜಗಳು ಕೊಯ್ಲಿನಲ್ಲಿ ಬೆರೆತು ರೊಟ್ಟಿಯ ಹಿಟ್ಟನ್ನು ಸೇರುತ್ತಿವೆ ಎಂದು 1969ರಲ್ಲಿ ಇವಿಚ್ ಸೂಚಿಸಿದರೂ ಅದಕ್ಕೆ ಹೆಚ್ಚಿನ ಮನ್ನಣೆ ಸಿಗಲಿಲ್ಲ.

ಸುಳಿವು ದೊರೆತದ್ದು ಬೆಲ್ಜಿಯಂನಲ್ಲಿ. ತೂಕ ಇಳಿಸುವ ಚಿಕಿತ್ಸೆ ಪಡೆದ ಮಹಿಳೆಯರ ಮೂತ್ರಪಿಂಡಗಳು ಶೀಘ್ರವಾಗಿ ವಿಫಲವಾದುದನ್ನು 1993ರಲ್ಲಿ ವ್ಯಾನ್‌ಹೆರ್ವೆಗೆಮ್ ಮತ್ತು ಸಂಗಡಿಗರು ವರದಿ ಮಾಡಿದರು. ಅವರು ಸೇವಿಸಿದ ಚೀನೀ ಮೂಲಿಕೆಯ ಪುಡಿಯಲ್ಲಿ ಒಂದು ಗಿಡದ ಬದಲು ಅರಿಸ್ಟೊಲೋಕಿಯ ಸೇರಿತ್ತು. ಬಾಲ್ಕನ್ ರೋಗಕ್ಕೂ ಇದಕ್ಕೂ ಬಹಳ ಹೋಲಿಕೆಯಿತ್ತು.

ಈ ಗಿಡದ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡದ ನಳಿಕೆಗಳ ಜೀವಕೋಶಗಳನ್ನು ಹೊಕ್ಕು, ಕಿಣ್ವಗಳಿಂದ ಮಾರ್ಪಟ್ಟು, ಡಿಎನ್‌ಎಯ ಅಡಿನೀನ್‌ಗೆ ಅಂಟಿಕೊಳ್ಳುತ್ತದೆ. ಡಿಎನ್‌ಎ ನಕಲಾಗುವಾಗ ಅಡಿನೀನ್ ಇರಬೇಕಾದಲ್ಲಿ ಥೈಮಿನ್ ಸೇರಿಬಿಡುತ್ತದೆ. 2007ರಲ್ಲಿ ಗ್ರೋಲ್ಮನ್ ತಂಡವು ಕ್ರೊಯೇಷಿಯದ ರೋಗಿಗಳಲ್ಲಿ ಈ ಎರಡೂ ಗುರುತುಗಳನ್ನು ಕಂಡಿತು. ಇವಿಚ್ ಊಹೆಗೆ ಬಲವಾದ ಪುರಾವೆ ದೊರೆಯಿತು.

ಈಗ ಹೇಳಿ: ತಾನೇ ಬೆಳೆದ ಗೋಧಿಯ ರೊಟ್ಟಿ ತಿಂದ ರೈತನ ‘ಜೀವನಶೈಲಿ’ಯಲ್ಲಿ ತಪ್ಪೇನಿತ್ತು? ಅವನ ಆಹಾರವೂ ಪರಿಸರವೂ ಬೇರೆ ಬೇರೆಯಾಗಿರಲಿಲ್ಲ. ಅವೆರಡನ್ನೂ ಪ್ರತ್ಯೇಕ ಶೀರ್ಷಿಕೆಗಳಲ್ಲಿ ಬರೆಯುವ ನಮ್ಮ ಲೇಖನಗಳು ಈ ಕೊಂಡಿಯನ್ನೇ ಕಳೆದುಕೊಳ್ಳುತ್ತವೆ.

ಇದು ದೂರದ ಸಂಗತಿಯೇನಲ್ಲ. ಹಾವಿನ ವಿಷಕ್ಕೆ ಮದ್ದೆಂದು ನಮ್ಮಲ್ಲಿ ಬಳಕೆಯಲ್ಲಿರುವ ಈಶ್ವರಿ ಬಳ್ಳಿ ಅರಿಸ್ಟೊಲೋಕಿಯ ಇಂಡಿಕ, ಅದೇ ಕುಲದ್ದು. ಈ ಕುಲದ ಸಸ್ಯಗಳಿರುವ ಔಷಧಿಗಳು ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲೇ ವರ್ಗೀಕರಿಸಿದೆ.

ಇದರ ವಿರುದ್ಧದ ಆತುರವೂ ಸಲ್ಲದು. ನೆರೆಯ ಆಂಧ್ರಪ್ರದೇಶದ ಉದ್ದಾನಂ ಪ್ರದೇಶದ ಮೂತ್ರಪಿಂಡ ರೋಗಕ್ಕೆ ನೀರು, ಕೀಟನಾಶಕ, ಬಿಸಿಲಿನ ದುಡಿಮೆ ಇವುಗಳಲ್ಲಿ ಒಂದನ್ನೇ ಕಾರಣವೆಂದು ಘೋಷಿಸುವ ಬರಹಗಳಿವೆ. ಅಲ್ಲಿನ ಕಾರಣ ಇನ್ನೂ ಖಚಿತಪಟ್ಟಿಲ್ಲ.

ಶಿಕ್ಷಕರೇ, ವಿದ್ಯಾರ್ಥಿಗಳೇ, ಇಂಥ ಲೇಖನ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ರೋಗ ಯಾರಿಗೆ ಬಂತು, ಯಾರಿಗೆ ಬರಲಿಲ್ಲ? ಶಂಕಿತ ವಸ್ತು ದೇಹದಲ್ಲಿ ಗುರುತು ಬಿಟ್ಟಿದೆಯೆ? ಅದನ್ನು ತಪ್ಪಿಸುವುದು ರೋಗಿಯ ಕೈಯಲ್ಲಿತ್ತೆ? ಉತ್ತರವಿಲ್ಲದ ಲೇಖನ ಸಲಹೆಯನ್ನು ನೀಡೀತು, ವಿಜ್ಞಾನವನ್ನಲ್ಲ.