ಹರಟೆಯೂ ಪ್ರಬಂಧವೂ

ಹರಟೆ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಒಳ್ಳೆಯ ಹೆಸರಿಲ್ಲ. ಮಿಕ್ಕ ಕೆಲಸಗಳನ್ನು ನಾವು ಮಾಡುತ್ತೇವೆ. ಹರಟೆಯನ್ನು ಮಾತ್ರ ಹೊಡೆಯುತ್ತೇವೆ, ಇಲ್ಲವೆ ಕೊಚ್ಚುತ್ತೇವೆ. ಹರಟುವವನನ್ನು ಹರಟೆಮಲ್ಲನೆಂದು ಕರೆದು ನಗುತ್ತೇವೆ. ಅವನ ಮಾತು ಎಲ್ಲೆ ಮೀರಿದರೆ ಕಾಡುಹರಟೆಯೆಂದು ತಳ್ಳಿಹಾಕುತ್ತೇವೆ. ಇಂಥ ಬೈಗುಳದ ಮಾತನ್ನೇ ಕನ್ನಡದ ಲೇಖಕರು ಒಂದು ಸಾಹಿತ್ಯಪ್ರಕಾರದ ಹೆಸರಾಗಿ ಒಪ್ಪಿಕೊಂಡದ್ದು ಸ್ವಾರಸ್ಯದ ಸಂಗತಿ. ಅದರಲ್ಲಿ ವಿನಯವೂ ಇತ್ತು, ಕೊಂಚ ಜಾಣತನವೂ ಇತ್ತು. ತನ್ನ ಬರಹವನ್ನು ತಾನೇ ಹರಟೆಯೆಂದು ಕರೆದುಕೊಂಡವನನ್ನು ವಿಮರ್ಶಕ ಇನ್ನೇನೆಂದು ಹಳಿದಾನು?

ವಿಮರ್ಶಕರು ಹಳಿಯಲಿಲ್ಲ, ಮರೆತರು. ಕಾವ್ಯ, ನಾಟಕ, ಕಾದಂಬರಿ, ಸಣ್ಣಕತೆಗಳ ಮೆರವಣಿಗೆಯೆಲ್ಲ ಸಾಗಿಹೋದ ಮೇಲೆ ‘ಇತರ ಗದ್ಯಪ್ರಕಾರಗಳು’ ಎಂಬ ಕೊನೆಯ ಪಂಕ್ತಿಯಲ್ಲಿ ಹರಟೆಗೊಂದು ಮಣೆ ಹಾಕಿ ಕೂರಿಸುವುದು ನಮ್ಮ ಸಾಮಾನ್ಯ ರೂಢಿ. ಊಟ ಅಷ್ಟು ಹೊತ್ತಿಗೆ ಆರಿರುತ್ತದೆ. ಲಲಿತ ಪ್ರಬಂಧವೆಂಬ ಶಿಷ್ಟವಾದ ಹೆಸರನ್ನು ಅದಕ್ಕೆ ಕೊಟ್ಟರೂ, ‘ಲಲಿತ’ ಎಂಬ ವಿಶೇಷಣದಲ್ಲಿ ‘ಇದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ’ ಎಂಬ ಧ್ವನಿ ಅಡಗಿದೆ.

ಆದರೆ ಮನೆಗೆ ಹೊಸದೊಂದು ಯಂತ್ರ ಬಂದಾಗ, ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬ ಮಾತು ಎದ್ದಾಗ, ಬೀದಿಯ ನಡವಳಿಕೆ ಕಣ್ಣೆದುರೇ ಬದಲಾಗತೊಡಗಿದಾಗ ಜನ ಮೊತ್ತಮೊದಲು ಮಾಡುವುದೇನು? ಹರಟುತ್ತಾರೆ. ತಜ್ಞರ ವರದಿ ಬರುವುದು ಆಮೇಲೆ. ಸರ್ಕಾರದ ಆಜ್ಞೆ ಅದಕ್ಕೂ ಆಮೇಲೆ. ಸಮಾಜವೊಂದು ತನ್ನ ಹೊಸ ಅನುಭವವನ್ನು ಹಾಕಿ ತೂಗುವ ಮೊದಲ ತಕ್ಕಡಿ ಹರಟೆ. ಆ ತಕ್ಕಡಿಯನ್ನು ಗದ್ಯದಲ್ಲಿ ನಿಲ್ಲಿಸಿಕೊಟ್ಟದ್ದು ಕನ್ನಡ ಹರಟೆಯ ನಿಜವಾದ ಸಾಧನೆ. ಅದನ್ನು ನಮ್ಮ ಶಾಲೆಗಳ ಪ್ರಬಂಧ ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತಿದೆ ಎಂಬುದು ನನ್ನ ದೂರು.

ಪ್ರಬಂಧ ಎಂಬ ಒಂದೇ ಶಬ್ದ ನಮ್ಮಲ್ಲಿ ಮೂರು ಕಡೆ ದುಡಿಯುತ್ತಿದೆ. ಪಿಎಚ್.ಡಿ. ಪದವಿಗೆ ಸಲ್ಲಿಸುವುದು ಮಹಾಪ್ರಬಂಧ. ಮೂರ್ತಿರಾಯರು ಬರೆದದ್ದು ಲಲಿತ ಪ್ರಬಂಧ. ಹತ್ತನೆಯ ತರಗತಿಯ ಹುಡುಗ ಪರೀಕ್ಷೆಯಲ್ಲಿ ಬರೆಯುವುದೂ ಪ್ರಬಂಧವೇ. ಈ ಮೂರನೆಯದಕ್ಕೆ ಅಚ್ಚು ಸಿದ್ಧವಾಗಿದೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ‘ಮೊಬೈಲಿನ ಸಾಧಕ ಬಾಧಕಗಳು’ ಎಂಬ ವಿಷಯ ಬಂದಿತೆನ್ನಿ. ಪೀಠಿಕೆಯಲ್ಲಿ ಇಂದಿನ ಯುಗ ವಿಜ್ಞಾನಯುಗ. ನಿರೂಪಣೆಯಲ್ಲಿ ನಾಲ್ಕು ಸಾಧಕ, ನಾಲ್ಕು ಬಾಧಕ. ಉಪಸಂಹಾರದಲ್ಲಿ ಅದನ್ನು ಹಿತಮಿತವಾಗಿ ಬಳಸಬೇಕೆಂಬ ಉಪದೇಶ. ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ ಕುಳಿತ ನಮ್ಮಂಥವರಿಗೆ ಐವತ್ತನೆಯ ಪ್ರತಿಗೂ ಮೊದಲನೆಯ ಪ್ರತಿಗೂ ಅಂತರ ಕಾಣುವುದು ಅಕ್ಷರದ ದುಂಡಿನಲ್ಲಿ ಮಾತ್ರ. ಬರೆದ ಹುಡುಗನ ಜೇಬಿನಲ್ಲೇ ಆ ಯಂತ್ರ ಇದ್ದೀತು. ಅವನ ತಾಯಿ ಅದನ್ನು ಯಾವಾಗ ಕಸಿದುಕೊಳ್ಳುತ್ತಾಳೆ, ಅಜ್ಜ ಅದರಲ್ಲಿ ಯಾವ ಹಾಡು ಹುಡುಕಿಸುತ್ತಾನೆ, ಗೆಳೆಯನೊಡನೆ ಜಗಳ ಹೇಗೆ ಹುಟ್ಟಿತು, ಇವೆಲ್ಲ ಅವನಿಗೆ ಗೊತ್ತು. ಬಿಡುವಿನ ವೇಳೆಯಲ್ಲಿ ಇದನ್ನೇ ಅವನು ಸೊಗಸಾಗಿ ಹರಟಬಲ್ಲ. ಪ್ರಬಂಧದಲ್ಲಿ ಮಾತ್ರ ಇದೊಂದೂ ಬರುವುದಿಲ್ಲ. ಕಂಡದ್ದನ್ನು ಬಿಟ್ಟು, ಕೇಳಿದ್ದನ್ನು ಬರೆಯುವುದಕ್ಕೆ ಅಂಕ ಕೊಟ್ಟು ನಾವೇ ಕಲಿಸಿದ್ದೇವೆ.

ಕನ್ನಡದಲ್ಲಿ ಲಲಿತ ಪ್ರಬಂಧ ಬೆಳೆದ ಬಗೆಯನ್ನು ನೆನೆದರೆ ಈ ನಷ್ಟದ ಅಳತೆ ತಿಳಿಯುತ್ತದೆ. ಈ ಪ್ರಕಾರ ಇಂಗ್ಲಿಷಿನಿಂದ ಬಂತೆಂದು ಹೇಳುವುದು ವಾಡಿಕೆ, ಅದು ಸುಳ್ಳಲ್ಲ. 1711ರಲ್ಲಿ ಆಡಿಸನ್ ಮತ್ತು ಸ್ಟೀಲ್ ಲಂಡನ್ನಿನಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯನ್ನು ಹೊರಡಿಸಿ ಕಾಫಿ ಮನೆಗಳ ಮಾತಿಗೆ ಒಂದು ಗದ್ಯವನ್ನು ರೂಪಿಸಿದರು. ಮುಂದೆ ಲ್ಯಾಂಬ್ ಮೊದಲಾದವರು ಅದನ್ನು ಆತ್ಮೀಯವಾಗಿಸಿದರು. ಇವರನ್ನು ಓದಿಕೊಂಡವರು ನಮ್ಮಲ್ಲಿ ಆ ಬಗೆಯನ್ನು ಬೆಳೆಸಿದರು. ಆದರೆ ಬೀಜ ಹೊರಗಿನದಾದರೂ ಮಣ್ಣು ಜಗಲಿಯದು. ಜಗಲಿಯ ಮಾತಿಗೆ ತನ್ನದೇ ಧರ್ಮವಿದೆ. ಅಲ್ಲಿ ಯಾರೂ ಗೆಲ್ಲಬೇಕಾಗಿಲ್ಲ. ನಿನ್ನೆ ಹೇಳಿದ್ದಕ್ಕೆ ಇಂದು ವಿರುದ್ಧವಾಗಿ ಹೇಳಿದರೆ ಮಾನ ಹೋಗುವುದಿಲ್ಲ. ವಾದ ಮುರಿದರೂ ನಂಟು ಮುರಿಯದು. ನಾಳೆ ಸಂಜೆ ಮತ್ತೆ ಅದೇ ಕಂಬಕ್ಕೆ ಒರಗಿ ಕೂರಬೇಕಷ್ಟೆ.

ಈ ಧರ್ಮವನ್ನು ಗದ್ಯಕ್ಕೆ ತಂದವರಲ್ಲಿ ಎ. ಎನ್. ಮೂರ್ತಿರಾಯರು ಪ್ರಮುಖರು. ಅವರ ‘ಹಗಲುಗನಸುಗಳು’ ಪ್ರಕಟವಾದದ್ದು 1937ರಲ್ಲಿ. ಸಣ್ಣದೊಂದು ಸಂಗತಿಯಿಂದ ಹೊರಟು, ತಮ್ಮನ್ನೇ ತಾವು ಅಲ್ಲಗಳೆದುಕೊಂಡು, ತಿಳಿಯಾದ ಒಂದು ಸಂದೇಹದಲ್ಲಿ ಬಂದು ನಿಲ್ಲುವುದು ಅವರ ನಡೆ. ಅದಕ್ಕೆ ಮೊದಲೇ, 1930ರಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಚಿತ್ರಗಳು’ ಕೊಟ್ಟಿದ್ದರು. ಈ ಇಬ್ಬರೂ ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ಪುಸ್ತಕ ಬರೆದದ್ದು ಗಮನಿಸತಕ್ಕ ವಿಷಯ. ಯಂತ್ರಗಳ ನಾಡನ್ನು ನೋಡುವಾಗಲೂ ಅವರು ಬೆರಗಿಗೆ ಸೋಲಲಿಲ್ಲ, ಬೈಗುಳಕ್ಕೂ ಇಳಿಯಲಿಲ್ಲ. ಊರಿನ ನೆನಪನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿದರು. ಗೊರೂರರ ‘ಅಮೇರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಹೆಸರಿನಲ್ಲೇ ಒಂದು ಹರಟೆಯಿದೆ: ಅಮೆರಿಕಕ್ಕೆ ಹೋದದ್ದು ಮನುಷ್ಯನೋ, ಊರೋ?

ಪಟ್ಟಣದ ಮಧ್ಯಮ ವರ್ಗಕ್ಕೆ ಇಂಥ ಜಗಲಿಯನ್ನು ಒದಗಿಸಿದ್ದು ‘ಕೊರವಂಜಿ’. ರಾಶಿ ಎಂಬ ಹೆಸರಿನಿಂದ ಬರೆಯುತ್ತಿದ್ದ ವೈದ್ಯ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಆ ಮಾಸಪತ್ರಿಕೆ 1967ರವರೆಗೆ, ಇಪ್ಪತ್ತೈದು ವರ್ಷ ನಡೆಯಿತು. ಆರ್. ಕೆ. ಲಕ್ಷ್ಮಣರ ಆರಂಭದ ಚಿತ್ರಗಳು ಅದರಲ್ಲಿ ಬಂದವು. ಅಡಿಗೆಮನೆಯ, ನೆರೆಮನೆಯ ಮಾತನ್ನು ಹೆಣ್ಣಿನ ಕಡೆಯಿಂದ ನಗುತ್ತ ಹೇಳಿದ ಟಿ. ಸುನಂದಮ್ಮನವರು ಅದರ ಲೇಖಕಿ. ಮಲೆಯಾಳ ಮಾತೃಭಾಷೆಯ ನಾ. ಕಸ್ತೂರಿಯವರು ಕನ್ನಡದ ಶಬ್ದಗಳನ್ನು ತಿರುವಿಹಾಕಿ ‘ಅನರ್ಥಕೋಶ’ ರಚಿಸಿದರು. ಗಂಭೀರವಾದ ಅರ್ಥಕೋಶ ಶಬ್ದ ಏನು ಹೇಳಬೇಕೆಂಬುದನ್ನು ತಿಳಿಸಿದರೆ, ಜನ ಅದನ್ನು ಹೇಗೆ ಬಳಸಿ ಪಾರಾಗುತ್ತಾರೆಂಬುದನ್ನು ಅನರ್ಥಕೋಶ ತಿಳಿಸುತ್ತದೆ.

ವಿಜ್ಞಾನ, ವಿದ್ಯಾಲಯ, ದಿನಬಳಕೆಯ ಸಮಾಜ, ಈ ಮೂರೂ ಒಂದೇ ಗದ್ಯದಲ್ಲಿ ಕೂಡಿದ್ದನ್ನು ನೋಡಬೇಕಾದರೆ ಬಿ. ಜಿ. ಎಲ್. ಸ್ವಾಮಿಯವರ ಬಳಿಗೆ ಹೋಗಬೇಕು. ಅವರು ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಿನ್ಸಿಪಾಲರೂ ಆಗಿದ್ದವರು. ‘ಹಸುರು ಹೊನ್ನು’ ಗ್ರಂಥದಲ್ಲಿ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕತೆ ಹೇಳುತ್ತ ಹೇಳುತ್ತ ಗಿಡಮರಗಳ ಶಾಸ್ತ್ರವನ್ನೇ ನಮಗೆ ದಾಟಿಸಿಬಿಡುತ್ತಾರೆ. ಹುಡುಗರ ಚೇಷ್ಟೆಯೂ ಸಸ್ಯದ ಲಕ್ಷಣವೂ ಒಂದೇ ಉಸಿರಿನಲ್ಲಿ ಬರುತ್ತವೆ. ಒಂದರಿಂದ ಮತ್ತೊಂದಕ್ಕೆ ಕುಂದಿಲ್ಲ. ‘ಕಾಲೇಜು ರಂಗ’ದಲ್ಲಿ ಅದೇ ಕಣ್ಣು ವಿದ್ಯಾಸಂಸ್ಥೆಯ ಮೇಲೆ ತಿರುಗಿದೆ. ಪಾಠ, ಪರೀಕ್ಷೆ, ಸಮಿತಿಗಳ ಹಿಂದಿನ ಮನುಷ್ಯ ಅಲ್ಲಿ ಸಿಕ್ಕಿಬೀಳುತ್ತಾನೆ. ಶಿಕ್ಷಣವನ್ನು ಕುರಿತ ಗಂಭೀರ ಭಾಷಣಗಳು ಮುಟ್ಟದ ಜಾಗವದು.

ಇಷ್ಟು ಹೊಗಳಿದ ಮೇಲೆ ಹರಟೆಯ ದೋಷವನ್ನೂ ಹೇಳದಿದ್ದರೆ ವಿಮರ್ಶೆ ಮುಖಸ್ತುತಿಯಾದೀತು. ಜಗಲಿಯ ಮೇಲೆ ಕೂರಲು ಎಲ್ಲರಿಗೂ ಎಡೆಯಿರಲಿಲ್ಲ. ಬಹುಮಟ್ಟಿಗೆ ಅಲ್ಲಿ ಕುಳಿತವರು ಓದುಬರಹದ ಮೇಲುಜಾತಿಯ ಗಂಡಸರು. ಕಾಫಿ ತಂದುಕೊಟ್ಟವಳು ಒಳಗೆ, ಕೂಲಿ ಕೇಳಲು ಬಂದವನು ಕೆಳಗೆ ಅಂಗಳದಲ್ಲಿ. ಹೆಂಡತಿಯ ಖರ್ಚು, ಆಳಿನ ಪೆದ್ದುತನ ಎಂಬ ಸುಲಭದ ನಗೆಯಲ್ಲಿ ಎಷ್ಟೋ ಹರಟೆಗಳು ಕಾಲ ಕಳೆದಿವೆ. ಹೊಟ್ಟೆ ತುಂಬಿದವರ ತೇಗು ಎಂದು ಇದನ್ನು ಮುಂದಿನ ಪೀಳಿಗೆಯವರು ತಳ್ಳಿದ್ದರೆ ಅದಕ್ಕೆ ಕಾರಣವಿತ್ತು. ಆದರೆ ತಳ್ಳಬೇಕಾದದ್ದು ಜಗಲಿಯ ಕಟ್ಟುಪಾಡನ್ನೇ ಹೊರತು ಅಲ್ಲಿಯ ಮಾತಿನ ವರಸೆಯನ್ನಲ್ಲ ಎಂಬುದಕ್ಕೆ ಸಿದ್ಧಲಿಂಗಯ್ಯನವರ ‘ಊರುಕೇರಿ’ ಸಾಕ್ಷಿ. ಹಸಿವು, ಹಾಸ್ಟೆಲು, ಶಾಲೆ, ಅವಮಾನ ಎಲ್ಲವನ್ನೂ ಅವರು ನಗುನಗುತ್ತ ಹೇಳುತ್ತಾರೆ. ಕೆಳಗೆ ಅಂಗಳದಲ್ಲಿ ನಿಂತವನು ಬಾಯಿ ತೆರೆದಾಗ ಜಗಲಿಯವರ ನಗೆಗಿಂತ ಆ ನಗೆ ಹರಿತವಾಗಿತ್ತು, ಉದಾರವೂ ಆಗಿತ್ತು. ಹರಟೆಯ ಧಾಟಿ ಯಾರ ಸೊತ್ತೂ ಅಲ್ಲ.

ಭಾಷೆಯ ದೃಷ್ಟಿಯಿಂದಲೂ ಒಂದು ಮಾತು ಹೇಳಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ದೀಪಗಳನ್ನು ಹೊತ್ತಿಸಿತು. ಶಾಸ್ತ್ರಗ್ರಂಥದಲ್ಲಿ ವಿದ್ಯುತ್ತು ‘ಪೂರೈಕೆ’ಯಾಗುತ್ತದೆ, ‘ಸ್ಥಗಿತ’ಗೊಳ್ಳುತ್ತದೆ. ಮನೆಯ ಮಾತಿನಲ್ಲೋ ಕರೆಂಟು ಬರುತ್ತದೆ, ಹೋಗುತ್ತದೆ, ನೆಂಟನ ಹಾಗೆ. ಮೊಬೈಲನ್ನು ನಾವು ಚಾರ್ಜಿಗೆ ಹಾಕುತ್ತೇವೆ, ಹಸುವಿಗೆ ಹುಲ್ಲು ಹಾಕಿದಂತೆ. ಇವನ್ನು ಯಾವ ಸಮಿತಿಯೂ ಸೃಷ್ಟಿಸಲಿಲ್ಲ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರವನ್ನು ತೆರೆದಾಗ ಅದಕ್ಕೆ ಸಿಕ್ಕ ಹೆಸರು ‘ಆಕಾಶವಾಣಿ’, ಪುರಾಣ ಕೇಳಿದವರಿಗೆಲ್ಲ ಗೊತ್ತಿದ್ದ ಮಾತು. ಮುಂದೆ ಅದು ದೇಶಕ್ಕೇ ಸಂದಿತು. ಶಬ್ದಗಳ ಹುಟ್ಟುಬಾಳನ್ನು ಬೆನ್ನಟ್ಟಿ ‘ಪದಾರ್ಥ ಚಿಂತಾಮಣಿ’ ಬರೆದ ಪಾ. ವೆಂ. ಆಚಾರ್ಯರು ಲಾಂಗೂಲಾಚಾರ್ಯನೆಂಬ ಹೆಸರಿನಲ್ಲಿ ಹರಟೆಯನ್ನೂ ಬರೆದರೆಂಬುದು ಆಕಸ್ಮಿಕವಲ್ಲ. ಹರಟಲಾಗದ ಭಾಷೆಯಲ್ಲಿ ಯಂತ್ರದ ಮೇಲೆ ಆಲೋಚಿಸುವುದೂ ಕಷ್ಟ.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿ, ಪಾಠವೆಲ್ಲ ಮೊಬೈಲಿಗೆ ಇಳಿದ ದಿನಗಳನ್ನು ನೆನೆಯೋಣ. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದರು. ‘ವಿದ್ಯಾಗಮ’ ಯೋಜನೆಯಲ್ಲಿ ಮೇಷ್ಟರುಗಳೇ ಮಕ್ಕಳಿದ್ದ ಕೇರಿಗಳಿಗೆ ಹೋಗಿ, ಸಿಕ್ಕ ನೆರಳಿನಲ್ಲಿ ಕಲಿಸಿದರು. ಮನೆಗೆ ಒಂದೇ ಮೊಬೈಲು, ಮೂವರು ಮಕ್ಕಳು. ಯಾರ ಪಾಠ ಮೊದಲು ಎಂಬ ಪಂಚಾಯಿತಿ ಎಷ್ಟು ಮನೆಗಳಲ್ಲಿ ನಡೆಯಲಿಲ್ಲ! ಯಂತ್ರ, ಶಾಲೆ, ಸಮಾಜ ಮೂರೂ ಒಂದೇ ಕೋಣೆಯಲ್ಲಿ ಕುಳಿತ ಕಾಲವದು. ಅದನ್ನು ಕುರಿತು ಅಂಕಿಅಂಶಗಳ ವರದಿಗಳು ಬಂದವು, ಮರುಕದ ಕವನಗಳು ಬಂದವು. ಆದರೆ ಆ ಪಂಚಾಯಿತಿಯ ಮಾತು ಗದ್ಯವಾಗಿ ನಮ್ಮ ಪತ್ರಿಕೆಗಳಲ್ಲಿ ಉಳಿದದ್ದು ತೀರ ಕಡಿಮೆ. ಮೊಬೈಲು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದವರು ಬಹುಮಂದಿ. ಅಣ್ಣನಿಗೆ ಸಿಕ್ಕಿ ತಂಗಿಗೆ ಸಿಗದೆ ಹೋದದ್ದನ್ನು ಹರಟೆಯ ಸಲಿಗೆಯಿಂದ ಬರೆದವರು ವಿರಳ. ವರದಿಗೆ ಕಾಣುವುದು ಮೊಬೈಲುಗಳ ಸಂಖ್ಯೆ. ಅದು ಯಾರ ಕೈಯಿಂದ ಯಾರ ಕೈಗೆ ದಾಟಲಿಲ್ಲ ಎಂಬುದು ಹರಟೆಗಷ್ಟೇ ಕಾಣುತ್ತದೆ.

ಜನ ಹರಟುವುದನ್ನು ನಿಲ್ಲಿಸಿಲ್ಲ. ಮೊದಲಿಗಿಂತ ಹೆಚ್ಚೇ ಹರಟುತ್ತಿದ್ದಾರೆ. ಆದರೆ ಆಡಿದ ಮಾತು ಆಡಿದಲ್ಲೇ ಕರಗುತ್ತಿದೆ. ಅದನ್ನು ಆಯ್ದು, ಸೋಸಿ, ಮತ್ತೊಮ್ಮೆ ಓದುವಂತೆ ಕಟ್ಟುವುದು ಲೇಖಕನ ಕೆಲಸ. ಹರಟೆಗೂ ಹರಟೆಯೆಂಬ ಸಾಹಿತ್ಯಕ್ಕೂ ಇರುವ ಅಂತರ ಅಷ್ಟೆ, ಆದರೆ ಆ ಅಂತರ ಸಣ್ಣದಲ್ಲ. ಆ ಕೆಲಸಕ್ಕೆ ಬೇಕಾದ ಧೈರ್ಯವನ್ನು ಮಕ್ಕಳಿಗೆ ಕೊಡುವುದು ಮೇಷ್ಟರುಗಳಾದ ನಮ್ಮ ಪಾಲಿನ ಹೊಣೆ. ಒಂದು ವರ್ಷ ಪ್ರಶ್ನೆಪತ್ರಿಕೆಯಲ್ಲಿ ಸಾಧಕ ಬಾಧಕಗಳನ್ನು ಬಿಟ್ಟು, ‘ನಿಮ್ಮ ಮನೆಯ ಮೊಬೈಲಿಗಾಗಿ ನಡೆದ ಒಂದು ಜಗಳವನ್ನು ಬರೆಯಿರಿ’ ಎಂದು ಕೇಳಿ ನೋಡಬಹುದು. ಪೀಠಿಕೆ ಬೇಡ, ಉಪಸಂಹಾರವೂ ಬೇಡವೆಂದು ಕೆಳಗೊಂದು ಸೂಚನೆಯಿರಲಿ. ಆ ವರ್ಷದ ಉತ್ತರಪತ್ರಿಕೆಗಳಲ್ಲಿ ಕಾಗುಣಿತದ ತಪ್ಪು ಹೆಚ್ಚಿದರೂ ಹೆಚ್ಚೀತು. ಐವತ್ತನೆಯ ಪ್ರತಿ ಮಾತ್ರ ಮೊದಲನೆಯದರಂತೆ ಇರಲಾರದು.